ಎಕ್ಸಾಸ್ಟ್ ಕಟೌಟ್ ಹಾಕಿಸಿ ಕೆಟ್ಟೆ, ಹಾಕಿಸೋ ಮುಂಚೆ ಓದಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ನಲವತ್ತೊಂದು ವರ್ಷದವನು, ಇಬ್ಬರು ಮಕ್ಕಳ ಅಪ್ಪ, ಕಾರಿನ ಸದ್ದು ಜೋರಾಗಲಿ ಅಂತ 31,000 ರೂಪಾಯಿ ಸುರಿದು ಬಂದೆ. ಬೈಯಿರಿ. ಆದರೆ ಪೂರ್ತಿ ಓದಿ ಬೈಯಿರಿ.

ಕಾರು ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎರಡು ಲೀಟರ್ ಟರ್ಬೊ ಪೆಟ್ರೋಲ್, 230 ಹಾರ್ಸ್ ಪವರ್. ಓಟಕ್ಕೆ ಏನೂ ಕಡಿಮೆ ಇಲ್ಲ, ಸದ್ದು ಮಾತ್ರ ಸಪ್ಪೆ. ವರ್ಷಕ್ಕೊಮ್ಮೆ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಸ್ಪೀಡ್‌ವೇಗೆ ಹೋಗುತ್ತೇನೆ. ಅಲ್ಲಿ ಪಕ್ಕದವರ ಕಾರು ಗುಡುಗಿದಾಗ ನನ್ನದು ಸುಮ್ನೆ ನಿಟ್ಟುಸಿರು ಬಿಡುತ್ತಿತ್ತು. ಅದೇ ತಲೆಗೆ ಹತ್ತಿತು.

ಕಟೌಟ್ ಅಂದರೆ ಥಿಯೇಟರ್ ಮುಂದೆ ಹಾರ ಹಾಕೋದಲ್ಲ. ಸೈಲೆನ್ಸರ್‌ಗಿಂತ ಮುಂಚೆ ಪೈಪ್ ಕತ್ತರಿಸಿ ಒಂದು ಕವಲು ಬೆಸೆಯುತ್ತಾರೆ. ಆ ಕವಲಿನಲ್ಲಿ ಬಟರ್‌ಫ್ಲೈ ವಾಲ್ವ್ ಅನ್ನೋ ತಿರುಗೋ ಮುಚ್ಚಳ, ತಿರುಗಿಸೋಕೆ ಸಣ್ಣ ಮೋಟರ್, ಕೈಯಲ್ಲಿ ರಿಮೋಟ್. ತೆರೆದರೆ ಹೊಗೆ ಸೈಲೆನ್ಸರ್ ಒಳಗೆ ಹೋಗದೆ ನೇರವಾಗಿ ಹೊರಗೆ ಬರುತ್ತದೆ. ಮುಚ್ಚಿದರೆ ಮತ್ತೆ ಮರ್ಯಾದಸ್ಥ ಕಾರು. ನಾನು ಮರುಳಾಗಿದ್ದು ಈ "ಮುಚ್ಚಿದರೆ" ಅನ್ನೋ ಮಾತಿಗೆ.

ಕಾರಿನ ಸಾಮಾನಿನ ಅಂಗಡಿಗಳಿರೋ ಜೆ.ಸಿ. ರಸ್ತೆಗೆ ಹೋಗಿ ನಾಲ್ಕು ಕಡೆ ವಿಚಾರಿಸಬಹುದಿತ್ತು. ಹೋಗಲಿಲ್ಲ. ಇನ್‌ಸ್ಟಾಗ್ರಾಂನಲ್ಲಿ ವಿಡಿಯೊ ನೋಡಿ ರಿಂಗ್ ರೋಡ್ ಪಕ್ಕದ ಒಂದು ಶೆಡ್ಡಿಗೆ ಹೋದೆ. "ಅಣ್ಣಾ, ಇಂಪೋರ್ಟೆಡ್ ಕಿಟ್, ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್, 304 ಗ್ರೇಡ್, ಹದಿನೆಂಟಕ್ಕೆ ಮುಗಿಸಿಕೊಡ್ತೀನಿ. ಹದಿನೈದು ಹಾರ್ಸ್ ಪವರ್ ಜಾಸ್ತಿ ಆಗುತ್ತೆ" ಅಂದ. ಡೈನೋ ಶೀಟ್, ಅಂದರೆ ಪವರ್ ಅಳೆದ ರಿಪೋರ್ಟ್, ಇದೆಯಾ ಅಂತ ಕೇಳಿದೆ. "ಕಿವಿಗೇ ಗೊತ್ತಾಗುತ್ತೆ ಅಣ್ಣಾ" ಅಂದ. ನಾನು ನಕ್ಕೆ. ನಕ್ಕೆ ನೋಡಿ, ಅಲ್ಲೇ ಎದ್ದು ಬರಬೇಕಿತ್ತು.

ಹತ್ತು ಸಾವಿರ ಅಡ್ವಾನ್ಸ್ ಫೋನಿನಲ್ಲೇ ಕಳಿಸಿದೆ. "ನೀವು ಇಲ್ಲಿ ಯಾಕೆ ಕೂತ್ಕೊಳ್ತೀರಾ, ಸಂಜೆ ಬನ್ನಿ" ಅಂದ. ಬಂದೆ. ಬಿಲ್ಲು 31,000. ವೆಲ್ಡಿಂಗ್ ಬೇರೆಯಂತೆ, ವೈರಿಂಗ್ ಬೇರೆಯಂತೆ, ಫಿಟ್ಟಿಂಗ್ ಬೇರೆಯಂತೆ. ಹಾಗಾದರೆ ಹದಿನೆಂಟು ಯಾವುದಕ್ಕೆ? ಡಬ್ಬಿಯಲ್ಲಿಟ್ಟು ಮನೆಗೆ ತಗೊಂಡು ಹೋಗೋಕಾ? ಅಷ್ಟರಲ್ಲಿ ರಿಮೋಟ್ ಒತ್ತಿ ತೋರಿಸಿದ. ಆ ಸದ್ದು ಕೇಳಿದ್ದೇ ನನ್ನ ಬಾಯಿ ಮುಚ್ಚಿಹೋಯಿತು. ಕೊಟ್ಟುಬಿಟ್ಟೆ.

ಐದು ದಿನ ಸ್ವರ್ಗ. ಆರನೇ ದಿನ ನಮ್ಮ ಬಡಾವಣೆಯ ಹಂಪಿನ ಮೇಲೆ ಕೆಳಗಿಂದ ಒಂದು ಏಟು. ಆ ಮೋಟರನ್ನು ಕಾರಿನ ಹೊಟ್ಟೆಗಿಂತ ಕೆಳಗೆ ಜೋತುಬಿಟ್ಟಿದ್ದರು. ಬೆಂಗಳೂರಿನಲ್ಲಿ, ಹೆಜ್ಜೆಗೊಂದು ಹಂಪು ಇರೋ ಊರಲ್ಲಿ! ವಾಲ್ವ್ ತೆರೆದುಕೊಂಡು ಅಲ್ಲೇ ಕಚ್ಚಿಕೊಂಡಿತು. ರಿಮೋಟ್ ಒತ್ತಿದೆ, ಒತ್ತಿದೆ, ಬ್ಯಾಟರಿ ತೆಗೆದು ಹಾಕಿ ಒತ್ತಿದೆ. ಮುಚ್ಚಲಿಲ್ಲ. ಬೆಳಗ್ಗೆ ಐದೂವರೆಗೆ ಊರಿಗೆ ಹೊರಡಬೇಕಿತ್ತು. ಸ್ಟಾರ್ಟ್ ಮಾಡಿದ್ದೇ ಎದುರುಮನೆ ಅಂಕಲ್ ಬನಿಯನ್‌ನಲ್ಲೇ ಗೇಟಿಗೆ ಬಂದರು. "ಏನಪ್ಪಾ, ಟ್ರ್ಯಾಕ್ಟರ್ ತಗೊಂಡ್ಯಾ?" ನನ್ನ ಹೆಂಡತಿ ಮುಖ ಆ ಕಡೆ ತಿರುಗಿಸಿ ಕೂತಳು.

ಇದು ಬರೀ ಮರ್ಯಾದೆ ಪ್ರಶ್ನೆ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ನೆಲಮಂಗಲ ದಾಟುವಾಗ ಹಿಂದೆ ಕೂತಿದ್ದ ಮಗಳು "ಅಪ್ಪಾ, ತಲೆ ನೋಯ್ತಿದೆ" ಅಂದಳು. ಆಮೇಲೆ ಗೊತ್ತಾಯಿತು, ಕವಲಿನ ಬಾಯಿ ಸರಿಯಾಗಿ ಹಿಂದಿನ ಸೀಟಿನ ಕೆಳಗೆ ಮುಗಿದಿತ್ತು. ಹೊಗೆ ಅಲ್ಲೇ ಸುತ್ತಿಕೊಂಡು ಒಳಗೆ ಬರುತ್ತಿತ್ತು. ಆ ಹೊಗೆಯಲ್ಲಿರೋ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಇಳಿಸಿಕೊಂಡು ವಾಪಸ್ ಬಂದೆವು. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಇನ್ನು ಆ ಶೆಡ್ಡಿನವನ ಉತ್ತರಗಳು. ದುಡ್ಡು ಕೊಡುವವರೆಗೆ ನಾನು "ಅಣ್ಣಾ". ಕೊಟ್ಟ ಮೇಲೆ "ಸರ್". ದೂರು ಹೇಳಿದ ಮೇಲೆ "ನೋಡಿ ಇವ್ರೇ".

"ಸರ್, ಹೊಸದು ಅಲ್ವಾ, ಐನೂರು ಕಿಲೋಮೀಟರ್ ಓಡಿಸಿ, ಸೆಟ್ ಆಗುತ್ತೆ."

"ಸರ್, ಎಲೆಕ್ಟ್ರಿಕಲ್ ಐಟಂಗೆ ವಾರಂಟಿ ಇರಲ್ಲ."

"ನೋಡಿ ಇವ್ರೇ, ಮಳೆಯಲ್ಲಿ ಓಡಿಸಿದ್ದೀರಾ, ನಾವೇನು ಮಾಡೋಕಾಗುತ್ತೆ?"

ಮಳೆಯಲ್ಲಿ ಓಡಿಸಬಾರದಂತೆ! ಮಗಳ ತಲೆನೋವಿನ ವಿಷಯ ಬರೆದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಬೇರೆ ಗ್ಯಾರೇಜಿನಲ್ಲಿ ಲಿಫ್ಟ್‌ಗೆ ಹಾಕಿಸಿದೆ. ಅಲ್ಲಿನ ಮೇಸ್ತ್ರಿ ಏನೂ ಮಾತಾಡಲಿಲ್ಲ. ಟೂಲ್ ಟ್ರೇಯಿಂದ ಒಂದು ಮ್ಯಾಗ್ನೆಟ್ ತೆಗೆದು ಪೈಪಿನ ಹತ್ತಿರ ಹಿಡಿದ. ಟಕ್ ಅಂತ ಅಂಟಿತು. 304 ಅಷ್ಟು ಗಟ್ಟಿಯಾಗಿ ಹಿಡಿಯೋದಿಲ್ಲ. ಮ್ಯಾಗ್ನೆಟ್ ಹಿಡಿಯುವ ಸ್ಟೇನ್‌ಲೆಸ್ಸೂ ಇದೆ, ಒಪ್ಪಿದೆ, ಆದರೆ ಅದು ವಾರಕ್ಕೇ ಹೀಗೆ ಕೆಂಪಾಗಿ ತುಕ್ಕು ಹಿಡಿಯೋದಿಲ್ಲ. ಬಣ್ಣ ಬಳಿದ ಮಾಮೂಲಿ ಕಬ್ಬಿಣ ಅದು. ವೆಲ್ಡಿಂಗ್ ನೋಡಿದರೆ ಜಗಿದ ಬಬಲ್ ಗಮ್ ಅಂಟಿಸಿದ ಹಾಗಿತ್ತು. "ವೆಲ್ಡ್ ಮಾಡೋವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿದ್ರಾ?" ಅಂತ ಕೇಳಿದ. ಬಿಚ್ಚದಿದ್ದರೆ ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದಂತೆ. ನನಗೇನು ಗೊತ್ತು, ನಾನು ಅಲ್ಲಿ ಇರಲೇ ಇಲ್ಲವಲ್ಲ.

ಆಮೇಲೆ ಅವನು ಮೆಲ್ಲಗೆ ಕೇಳಿದ್ದು ಇದು. "ಸರ್, ನಿಮ್ಮ ಮಧ್ಯದ ಡಬ್ಬಿ ಎಲ್ಲಿ?"

ನಾನು ಮೇಲೆ ನೋಡುತ್ತಾ ನಿಂತೆ. ಕವಲು ಕೂರಿಸೋಕೆ ಜಾಗ ಸಾಲದೆ ಆ ಡಬ್ಬಿಯನ್ನೇ, ಅಂದರೆ ಸದ್ದು ತಗ್ಗಿಸೋ ರೆಸೊನೇಟರನ್ನೇ, ಕತ್ತರಿಸಿ ತೆಗೆದಿದ್ದರು. ಕೇಳಲಿಲ್ಲ, ಹೇಳಲಿಲ್ಲ. ಅಲ್ಲಿ ಬರೀ ಪೈಪು. ವಾಲ್ವ್ ಮುಚ್ಚಿದಾಗಲೂ ಕಾರು ಮೊದಲಿಗಿಂತ ಗುಂಯ್ ಅನ್ನುತ್ತಿತ್ತಲ್ಲ, ಅದನ್ನು ನಾನು "ಸ್ಪೋರ್ಟಿ" ಅಂತ ಗೆಳೆಯರಿಗೆ ಹೇಳಿಕೊಂಡು ತಿರುಗಿದ್ದೆ. ನನ್ನ ಕಾರಿನ ಸಾಮಾನು ಕದ್ದಿದ್ದಾರೆ, ನಾನು ಅದಕ್ಕೆ ದುಡ್ಡು ಕೊಟ್ಟು ಥ್ಯಾಂಕ್ಸ್ ಹೇಳಿ ಬಂದಿದ್ದೇನೆ. ಫೋನ್ ಮಾಡಿದೆ. "ಅದಾ? ಗುಜರಿಗೆ ಹೋಯ್ತು. ನೀವು ಆವತ್ತೇ ಕೇಳಬೇಕಿತ್ತು."

ಆವತ್ತೇ ಕೇಳಬೇಕಿತ್ತಂತೆ.

ಪೊಲೀಸರಿಗೆ ದೂರು ಕೊಡೋಣ ಅಂದರೆ ಅದಕ್ಕೂ ಮುಖ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ಹೀಗೆ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸದ್ದು, ಹೊಗೆಯ ನಿಯಮ ಮುರಿದರೆ 10,000ದವರೆಗೆ ಬೇರೆ. ಶೆಡ್ಡಿನವನಿಗೆ ಇದು ಚೆನ್ನಾಗಿ ಗೊತ್ತು. ನಮ್ಮಂಥವರು ಯಾರ ಹತ್ತಿರವೂ ಬಾಯಿ ಬಿಡೋದಿಲ್ಲ ಅನ್ನೋದೇ ಅವನ ಬಂಡವಾಳ.

ಹಾಕಿಸಬೇಡಿ. ಟ್ರ್ಯಾಕ್‌ಗೆ ಮಾತ್ರ ಅಂತ ಇಟ್ಟ ಗಾಡಿಗೆ ಹಾಕಿಸಿಯೇ ತೀರುತ್ತೇನೆ ಅನ್ನೋರು ಪೈಪ್ ಕತ್ತರಿಸುವಾಗ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತುಕೊಳ್ಳಿ. ಹೊಗೆಯ ಬಾಯಿ ಸೀಟಿನ ಕೆಳಗೆ ಮುಗಿಯದೆ ಕಾರಿನ ಹಿಂದಕ್ಕೆ ಹೋಗಬೇಕು. ತೆಗೆದ ಸಾಮಾನು ಡಿಕ್ಕಿಗೆ ಬೀಳೋವರೆಗೆ ಒಂದು ರೂಪಾಯಿ ಕೊಡಬೇಡಿ. "ಸಂಜೆ ಬನ್ನಿ" ಅಂದವನ ಹತ್ತಿರ ಕೀ ಕೊಡಲೇಬೇಡಿ.

ಕಂಪನಿ ಪೈಪಿಗೆ ಆರ್ಡರ್ ಹಾಕಿದ್ದೇನೆ. ಅದರ ರೇಟು ಮನೆಯಲ್ಲಿ ಇನ್ನೂ ಹೇಳಿಲ್ಲ. ಬರೋಕೆ ಮೂರು ವಾರ ಅಂದಿದ್ದಾರೆ. ಅಲ್ಲಿವರೆಗೆ ಆಕ್ಟೇವಿಯಾ ಗ್ಯಾರೇಜಿನಲ್ಲಿ, ನಾನು ಹೆಂಡತಿಯ ಆಕ್ಟಿವಾದಲ್ಲಿ.