ಎಡಿನ್‌ಬರೋದ ಬೊಟಾನಿಕ್ ಕಾಟೇಜ್: ವೈದ್ಯರೊಬ್ಬರ ಪಾಠಶಾಲೆಗೆ ಭೇಟಿ

ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ ನೋಡಹೋಗುವ ಕನ್ನಡಿಗರು ಅಲ್ಲಿನ ಬೊಟಾನಿಕ್ ಕಾಟೇಜನ್ನು ತಪ್ಪದೆ ನೋಡಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಉದ್ಯಾನಕ್ಕೆ ಪ್ರವೇಶ ಉಚಿತ. 1670ರಲ್ಲಿ ಇಬ್ಬರು ವೈದ್ಯರು ಔಷಧೀಯ ಸಸ್ಯಗಳಿಗಾಗಿ ಆರಂಭಿಸಿದ ಈ ತೋಟವನ್ನು, ವೈದ್ಯರೂ ಸಸ್ಯಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದ ಜಾನ್ ಹೋಪ್ 1763ರಲ್ಲಿ ಅದೇ ಊರಿನ ಲೀತ್ ವಾಕ್ ಎಂಬ ಬೀದಿಗೆ ಸ್ಥಳಾಂತರಿಸಿದರು. ಅಲ್ಲಿ ಅವರು ಕಟ್ಟಿಸಿದ ಈ ಮನೆಯನ್ನೇ ಕಲ್ಲು ಕಲ್ಲಾಗಿ ಬಿಚ್ಚಿ, ಇನ್ವರ್‌ಲೀತ್‌ನ ಇಂದಿನ ಉದ್ಯಾನದಲ್ಲಿ ಮರಳಿ ಕಟ್ಟಿ, 2016ರಲ್ಲಿ ತೆರೆಯಲಾಯಿತು.

ಈ ಮನೆಯ ಮೇಲ್ಮಹಡಿಯ ಕೋಣೆಯೇ ನಿಜವಾದ ಆಕರ್ಷಣೆ. ಹೋಪ್ ದೊಡ್ಡ ದೊಡ್ಡ ಚಿತ್ರಗಳನ್ನು ತೋರಿಸುತ್ತ ವೈದ್ಯ ವಿದ್ಯಾರ್ಥಿಗಳಿಗೆ ಗಿಡಗಳ ಪಾಠ ಹೇಳುತ್ತಿದ್ದುದು ಇಲ್ಲಿಯೇ. ಅವರ ಶಿಷ್ಯರಲ್ಲೊಬ್ಬರಾದ ಫ್ರಾನ್ಸಿಸ್ ಬುಕಾನನ್, ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿ, ಶ್ರೀರಂಗಪಟ್ಟಣ, ಶಿರಾ, ಬಿದನೂರು (ಇಂದಿನ ನಗರ) ಪ್ರದೇಶಗಳ ಬೇಸಾಯ, ಕಸುಬು, ಗಿಡಮರಗಳನ್ನು ದಾಖಲಿಸಿದರು. ನಮ್ಮ ರಾಗಿ ಹೊಲಗಳನ್ನೂ ಅಡಕೆ ತೋಟಗಳನ್ನೂ ಅಷ್ಟು ತಾಳ್ಮೆಯಿಂದ ಗಮನಿಸಿದ ಕಣ್ಣು ಪಳಗಿದ್ದು ಹೋಪ್ ಅವರ ಪಾಠಗಳಲ್ಲಿ ಎಂಬುದು ನನಗೆ ಬಹಳ ಮುಖ್ಯವಾಗಿ ತೋರಿತು.

ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ನೆನಪಿಗೆ ಹೋಪ್ ನಿಲ್ಲಿಸಿದ ಸ್ಮಾರಕವೂ ಇದೇ ಉದ್ಯಾನದಲ್ಲಿದೆ. ಕಾಟೇಜಿನಲ್ಲಿ ಈಗಲೂ ತರಗತಿಗಳು, ಕಾರ್ಯಕ್ರಮಗಳು ನಡೆಯುವುದರಿಂದ ಒಳಗೆ ಪ್ರವೇಶವಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ರೋಡೊಡೆಂಡ್ರಾನ್ ಎಂಬ ಹೂಗಿಡಗಳು ಅರಳುವ ವಸಂತದಲ್ಲಿ ಹೋಗುವವರು ಇಡೀ ದಿನವನ್ನು ಇದಕ್ಕೇ ಮೀಸಲಿಡಲಿ.