ಪಿಝಡ್ 19 ಕಾರ್ಬುರೇಟರ್: ಬೆಲೆಗೆ ಮೋಸವಿಲ್ಲ, ಜೊತೆಗೆ ಬರುವ ಓ-ರಿಂಗ್ ಮಾತ್ರ ಬೇಡ

ಸಕಲೇಶಪುರದ ಬಳಿಯ ನಮ್ಮ ಕಾಫಿ ತೋಟದಲ್ಲಿ ಪಂಪ್‌ಸೆಟ್‌ವರೆಗೆ ಹೋಗಿಬರಲು, ಗೊಬ್ಬರದ ಚೀಲ ಸಾಗಿಸಲು 110 ಸಿಸಿಯ ಚಿಕ್ಕ ಎಟಿವಿ (ಕಚ್ಚಾ ದಾರಿಯಲ್ಲೂ ಓಡುವ ನಾಲ್ಕು ಚಕ್ರದ ಗಾಡಿ) ಒಂದಿದೆ. ಕಳೆದ ಮಳೆಗಾಲವಿಡೀ ಅದು ಶೆಡ್ಡಿನಲ್ಲೇ ನಿಂತಿದ್ದರಿಂದ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಒಳಗೆ ಪೆಟ್ರೋಲ್ ಅಂಟುಗಟ್ಟಿತ್ತು. ಎಷ್ಟು ತೊಳೆದರೂ ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ಟಿನ ಕೂದಲೆಳೆಯಂತಹ ರಂಧ್ರ ಬಿಡಿಸಿಕೊಳ್ಳಲಿಲ್ಲ. ಹಾಗಾಗಿ ಅದೇ ಅಳತೆಯ, ಅಂದರೆ 19 ಮಿ.ಮೀ. ಬಾಯಿಯ ಪಿಝಡ್ 19 ಮಾದರಿಯ ಹೊಸ ಕಾರ್ಬುರೇಟರನ್ನು ಆನ್‌ಲೈನಿನಲ್ಲಿ ತರಿಸಿದೆ.

ಎರಕ ನಯವಾಗಿದೆ, ಚೋಕ್ ಸನ್ನೆ ಬಿಗಿಯಾಗಿದೆ, ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನಿಂದ ಒಂದು ಹನಿಯೂ ಸೋರಿಲ್ಲ. ಗುಂಡಿ ಒತ್ತಿದೊಡನೆ ಗಾಡಿ ಸ್ಟಾರ್ಟ್ ಆಯಿತು. ಆದರೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗಿನ ನಿಧಾನ ಓಟ, ಒಂದೇ ಸಮನೆ ಇರಲಿಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ನಾಲ್ಕೈದು ಸೆಕೆಂಡು ಕಿರುಚಿಕೊಂಡೇ ಇದ್ದು ನಿಧಾನವಾಗಿ ಇಳಿಯುತ್ತಿತ್ತು. ಐಡ್ಲಿಂಗ್ ಸ್ಕ್ರೂ ಸಡಿಲಿಸಿ ಇಳಿಸಿದರೆ ಬಿಸಿಯಾದ ಮೇಲೆ ಆಫ್ ಆಗುತ್ತಿತ್ತು. ಕಾರ್ಬುರೇಟರೇ ಕೆಟ್ಟದ್ದು, ವಾಪಸ್ ಕಳಿಸಿ ಎಂದು ಪರಿಚಯದ ಮೆಕ್ಯಾನಿಕ್ ಒಬ್ಬರು ಹೇಳಿದರು. ನನಗೆ ಹಾಗೆ ಅನ್ನಿಸಲಿಲ್ಲ, ಏಕೆಂದರೆ ಪೂರ್ತಿ ವೇಗದಲ್ಲಿ ಗಾಡಿ ಎಲ್ಲಿಯೂ ತಡವರಿಸುತ್ತಿರಲಿಲ್ಲ.

ಮೊದಲು ಆಕ್ಸಿಲರೇಟರ್ ಕೇಬಲ್ ನೋಡಿದೆ. ಅದರಲ್ಲಿ ಎರಡು ಮೂರು ಮಿ.ಮೀ. ಸಡಿಲ ಇರಲೇಬೇಕು, ಇಲ್ಲದಿದ್ದರೆ ಕೇಬಲ್ ಎಳೆದಾಗ ಮೇಲೇರಿ ಗಾಳಿಯ ದಾರಿ ತೆರೆಯುವ ಒಳಗಿನ ಸ್ಲೈಡ್ ಪೂರ್ತಿ ಕೆಳಗೆ ಕೂರುವುದಿಲ್ಲ. ಅದು ಸರಿಯಿತ್ತು. ಸ್ಲೈಡಿನ ಗೀರು ಒಳಗಿನ ಪಿನ್ನಿಗೆ ಕೂತಿತ್ತು, ಕತ್ತರಿಸಿದ ಅಂಚು ಏರ್ ಫಿಲ್ಟರ್ ಕಡೆಗೇ ಇತ್ತು. ಕೊನೆಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಬಯಲಿನಲ್ಲಿ ನಿಲ್ಲಿಸಿ, ಕಾರ್ಬುರೇಟರ್ ಮ್ಯಾನಿಫೋಲ್ಡಿಗೆ (ಎಂಜಿನ್ನಿಗೆ ಹೋಗುವ ಕೊಳವೆಗೆ) ಸೇರುವ ಜಾಗಕ್ಕೆ ಕಾರ್ಬುರೇಟರ್ ಕ್ಲೀನರ್ ಸ್ಪ್ರೇಯನ್ನು ಒಂದೇ ಒಂದು ಚೂರು ಬಿಟ್ಟೆ. ತಕ್ಷಣ ಎಂಜಿನ್ನಿನ ಸದ್ದು ಬದಲಾಯಿತು. ಅಲ್ಲಿಂದ ಏರ್ ಎಳೆಯುತ್ತಿತ್ತು! (ಈ ಸ್ಪ್ರೇಗೆ ಬೆಂಕಿ ಬೇಗ ಹತ್ತುತ್ತದೆ, ಬಿಸಿ ಸೈಲೆನ್ಸರ್ ಹತ್ತಿರ ದಯವಿಟ್ಟು ಬಳಸಬೇಡಿ.)

ಬಿಚ್ಚಿ ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಡಬ್ಬಿಯಲ್ಲಿ ಬಂದಿದ್ದ ಓ-ರಿಂಗ್, ಅಂದರೆ ಈ ಸಂದಿಯನ್ನು ಮುಚ್ಚುವ ರಬ್ಬರ್ ಬಳೆ, ತಾನು ಕೂರುವ ತೋಡಿನೊಳಗೆ ಎಷ್ಟು ಹುದುಗಿ ಕೂತಿತ್ತೆಂದರೆ, ಮೇಲಿನಿಂದ ಉಗುರು ಎಳೆದರೆ ರಬ್ಬರ್ ತಾಗುತ್ತಲೇ ಇರಲಿಲ್ಲ. ರಬ್ಬರ್ ಲೋಹಕ್ಕಿಂತ ತುಸು ಎದ್ದು ನಿಂತರೆ ತಾನೇ ಬೋಲ್ಟ್ ಬಿಗಿದಾಗ ಒತ್ತಿಕೊಂಡು ಗಾಳಿ ತಡೆಯುವುದು? ಹಾಸನದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಕ್ಕ ದಪ್ಪನೆಯ ಓ-ರಿಂಗ್ ಹಾಕಿ, ಎರಡೂ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದೇ ಕಡೆ ಜಗ್ಗಿದರೆ ಫ್ಲಾಂಜ್ (ಬೋಲ್ಟ್ ಕೂರುವ ಚಪ್ಪಟೆ ಅಂಚು) ಬಾಗುತ್ತದೆ.

ಆಮೇಲೆ ಐಡ್ಲಿಂಗ್‌ನಲ್ಲಿ ಬೆರೆಯುವ ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂವನ್ನು ಮೆತ್ತಗೆ ಪೂರ್ತಿ ಒಳಕ್ಕೆ ತಿರುಗಿಸಿ ಒಂದೂವರೆ ಸುತ್ತು ಹೊರಕ್ಕೆ ತಂದು, ಹತ್ತು ನಿಮಿಷ ಬಿಸಿ ಮಾಡಿ, ಎಂಜಿನ್ ಅತಿ ಸರಾಗವಾಗಿ ಓಡುವ ಜಾಗದಲ್ಲಿ ಸ್ಕ್ರೂವನ್ನು ನಿಲ್ಲಿಸಿದೆ. ಈಗ ಐಡ್ಲಿಂಗ್ ಸುಮಾರು 1500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುಗಳು) ಅಲುಗದೆ ನಿಂತಿದೆ.

ನನ್ನ ನಿಜವಾದ ತಕರಾರು ಮಾರಾಟಗಾರರ ಮೇಲೆ. ಯಾವುದು ಏರ್ ಸ್ಕ್ರೂ, ಯಾವುದು ಐಡ್ಲಿಂಗ್ ಸ್ಕ್ರೂ ಎಂದು ತಿಳಿಸುವ ಒಂದು ಚೀಟಿಯೂ ಡಬ್ಬಿಯಲ್ಲಿಲ್ಲ. ಹೊಸಬರು ಎರಡನ್ನೂ ಒಟ್ಟಿಗೆ ತಿರುಗಿಸಿ ದಾರಿ ತಪ್ಪುವುದು ಖಂಡಿತ. ಐದರಲ್ಲಿ ನಾಲ್ಕು ಅಂಕ ಕಾರ್ಬುರೇಟರಿಗೆ. ಕೊಳ್ಳುವವರು ಆರ್ಡರ್ ಮಾಡುವ ದಿನವೇ ಒಳ್ಳೆಯ ಓ-ರಿಂಗ್ ಒಂದನ್ನು ತಂದಿಟ್ಟುಕೊಳ್ಳಿ.