ಲಿವರ್ ತೊಂದರೆ ಎಂದು ಒಪ್ಪುವ ಮುನ್ನ ಸಿಪಿಕೆ ಪರೀಕ್ಷೆ ಮಾಡಿಸಿ

ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಹೆಚ್ಚಾಗಿದ್ದು, ಜೊತೆಗೆ ನೆಲದಿಂದ ಏಳಲು ತೊಡೆಯಲ್ಲಿ ಬಲವೇ ಇಲ್ಲದಂತಾಗಿದ್ದರೆ, ಅದನ್ನು ಲಿವರ್ ತೊಂದರೆಯೆಂದು ಒಪ್ಪಿಕೊಳ್ಳುವ ಮೊದಲು ದಯವಿಟ್ಟು ಸಿಪಿಕೆ (ಸ್ನಾಯುಗಳು ಹಾನಿಗೊಂಡಾಗ ರಕ್ತದಲ್ಲಿ ಏರುವ ಕಿಣ್ವ) ಪರೀಕ್ಷೆ ಮಾಡಿಸಿ. ಈ ಪರೀಕ್ಷೆಯನ್ನು ಯಾರೂ ಬರೆದುಕೊಡದೆ ತಿಂಗಳುಗಳು ಕಳೆದುಹೋದದ್ದರಿಂದ ನನ್ನ ಅಕ್ಕ ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದು.

ಅಕ್ಕನಿಗೆ ಮೊದಲು ಕಾಣಿಸಿಕೊಂಡದ್ದು ಕಣ್ಣಿನ ರೆಪ್ಪೆಗಳ ಮೇಲಿನ ಊತ ಮತ್ತು ನೇರಳೆ ಛಾಯೆ. ತಲೆಗೆ ಹಚ್ಚಿದ ಡೈನಿಂದಾದ ಅಲರ್ಜಿಯೆಂದು ಮುಲಾಮು ಕೊಟ್ಟರು. ಕೆಲವು ವಾರಗಳಲ್ಲಿ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಜಡೆ ಹಾಕಿಕೊಳ್ಳಲು ಎತ್ತಿದ ಕೈ ನಿಲ್ಲದೆ, ಮೊಣಕೈಯನ್ನು ಕಪಾಟಿನ ಅಂಚಿಗೆ ಊರಿಕೊಂಡು ತಲೆ ಬಾಚಿಕೊಳ್ಳುತ್ತಿದ್ದಳು. ಮುಟ್ಟು ನಿಲ್ಲುವ ವಯಸ್ಸಿನ ಸುಸ್ತು ಎಂದು ಒಬ್ಬ ವೈದ್ಯರು ಹೇಳಿದರೆ, ವರದಿ ನೋಡಿದ ಇನ್ನೊಬ್ಬರು ಲಿವರ್ ಊದಿಕೊಂಡಿದೆ ಎಂದರು. ಅಲ್ಲಿಂದ ಕಾಮಾಲೆಯ ಪಥ್ಯ ಆರಂಭವಾಗಿ, ಸ್ನಾಯು ಕರಗುತ್ತಿದ್ದ ದೇಹಕ್ಕೆ ಬೇಳೆ, ಮೊಟ್ಟೆಯಂತಹ ಪ್ರೋಟೀನ್ ಆಹಾರವೂ ಸಿಗದಂತಾಯಿತು.

ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ಲಿವರಿನಲ್ಲಿ ಮಾತ್ರವಲ್ಲ, ಸ್ನಾಯುಗಳಲ್ಲಿಯೂ ಇರುತ್ತವೆ. ಸ್ನಾಯುಕೋಶಗಳು ಹಾನಿಗೊಂಡಾಗಲೂ ಅವು ರಕ್ತಕ್ಕೆ ಸೋರುತ್ತವೆ. ಲಿವರ್ ಹದಗೆಟ್ಟಾಗ ಸಾಮಾನ್ಯವಾಗಿ ಏರುವ ಬಿಲಿರುಬಿನ್ ಮತ್ತು ಜಿಜಿಟಿ ಎರಡೂ ಅಕ್ಕನ ವರದಿಯಲ್ಲಿ ಸರಿಯಾಗಿಯೇ ಇದ್ದವು. ತೊಂದರೆ ಬೇರೆಡೆ ಇರಬಹುದೆಂಬ ಸೂಚನೆ ಅದೇ ಕಾಗದದಲ್ಲಿದ್ದರೂ ಅದರ ಕಡೆ ಯಾರೂ ಗಮನ ಕೊಡಲಿಲ್ಲ.

ಇದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಮೈಕೈ ನೋವಿಗೆಂದು ಒಂದು ಕ್ಲಿನಿಕ್ಕಿನಲ್ಲಿ ಕೊಟ್ಟ ಇಂಜೆಕ್ಷನ್ ಮತ್ತು ಹೆಸರಿಲ್ಲದ ಪೊಟ್ಟಣದ ಮಾತ್ರೆಗಳು. ಅವುಗಳಲ್ಲಿ ಸ್ಟೀರಾಯ್ಡ್ ಇತ್ತೆಂದು ಆಮೇಲೆ ತಿಳಿಯಿತು. ಸ್ವಲ್ಪ ದಿನ ಗುಣವಾದಂತೆ ಕಂಡು, ಮಾತ್ರೆ ಮುಗಿದೊಡನೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳಿತು. ರೋಗ ಯಾವುದೆಂದು ಗೊತ್ತಾಗುವ ಮೊದಲೇ ಕೊಡುವ ಸ್ಟೀರಾಯ್ಡ್ ಅದರ ಲಕ್ಷಣಗಳನ್ನು ಮರೆಮಾಚುತ್ತದೆ, ಬಯಾಪ್ಸಿಯ (ದೇಹದ ಸಣ್ಣ ತುಣುಕು ತೆಗೆದು ಮಾಡುವ ಪರೀಕ್ಷೆಯ) ಫಲಿತಾಂಶವನ್ನೂ ಅಸ್ಪಷ್ಟಗೊಳಿಸಬಲ್ಲದು.

ಕೊನೆಗೆ ಕುಡಿದ ನೀರು ಮೂಗಿನಿಂದ ಹೊರಬರತೊಡಗಿದಾಗ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ರುಮಟಾಲಜಿ (ಕೀಲು, ಸ್ನಾಯು ಮತ್ತು ರೋಗನಿರೋಧಕ ವ್ಯವಸ್ಥೆಯ ಕಾಯಿಲೆಗಳ) ವೈದ್ಯರು ಕಡತ ತೆರೆಯುವ ಮೊದಲು ಅಕ್ಕನ ಕೈಗಳನ್ನು ಬೆಳಕಿಗೆ ಹಿಡಿದು, ಬೆರಳಿನ ಗಿಣ್ಣುಗಳ ಮೇಲಿದ್ದ ಒರಟು ಗುಳ್ಳೆಗಳನ್ನೂ ಉಗುರಿನ ಬುಡದ ಕೆಂಪು ಎಳೆಗಳನ್ನೂ ನೋಡಿದರು. ಸಾಮಾನ್ಯವಾಗಿ 200ರ ಆಸುಪಾಸಿನೊಳಗಿರಬೇಕಾದ ಸಿಪಿಕೆ 6,000 ದಾಟಿತ್ತು. ಇಎಂಜಿ (ಸ್ನಾಯುಗಳ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ), ತೊಡೆಯ ಎಂಆರ್‌ಐ ಮತ್ತು ಸ್ನಾಯುವಿನ ಬಯಾಪ್ಸಿಯ ನಂತರ ಡರ್ಮಟೊಮಯೋಸೈಟಿಸ್ ಎಂದು ಖಚಿತವಾಯಿತು; ದೇಹದ ರೋಗನಿರೋಧಕ ವ್ಯವಸ್ಥೆಯೇ ಚರ್ಮ ಮತ್ತು ಸ್ನಾಯುಗಳ ಮೇಲೆ ತಿರುಗಿಬೀಳುವ ಕಾಯಿಲೆಯಿದು. ನಮ್ಮ ಮೈಬಣ್ಣದಲ್ಲಿ ಈ ಕಲೆಗಳು ಕೆಂಪಾಗಿ ಎದ್ದು ಕಾಣದೆ ನೇರಳೆ ಅಥವಾ ಕಪ್ಪಾಗಿ ಕಾಣುವುದರಿಂದ ಬಿಸಿಲಿನ ಕಂದು, ಬಂಗು ಎಂದು ಕಡೆಗಣಿಸುವುದು ಬಹಳ ಸುಲಭ.

ಸಿಪಿಕೆ ಸರಿಯಾಗಿದ್ದ ಮಾತ್ರಕ್ಕೆ ಈ ಕಾಯಿಲೆ ಇಲ್ಲವೆನ್ನಲಾಗದು. ಎಂಡಿಎ-5 ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಇರುವವರಲ್ಲಿ ಸ್ನಾಯುಗಳ ಬಲ ಅಷ್ಟಾಗಿ ಕುಂದದೆಯೇ ಶ್ವಾಸಕೋಶ ವೇಗವಾಗಿ ಹಾಳಾಗಬಹುದು. ಒಣಕೆಮ್ಮು, ಏದುಸಿರು ಇದ್ದರೆ ಎದೆಯ ಸಿ.ಟಿ. ಸ್ಕ್ಯಾನ್ ಬೇಕು. ಕೊಲೆಸ್ಟರಾಲ್‌ಗೆ ಸ್ಟಾಟಿನ್ ನುಂಗುವವರಿಗೆ ಮಾತ್ರೆ ನಿಲ್ಲಿಸಿದ ಮೇಲೂ ಬಲಹೀನತೆ ಹೆಚ್ಚುತ್ತಿದ್ದರೆ ಅದೂ ಸ್ನಾಯುಗಳ ಮೇಲಿನ ಇಂತಹದೇ ದಾಳಿಯಾಗಿರಬಹುದು. ವಯಸ್ಕರ ಡರ್ಮಟೊಮಯೋಸೈಟಿಸ್ ಕೆಲವೊಮ್ಮೆ ಒಳಗೆ ಅಡಗಿರುವ ಕ್ಯಾನ್ಸರಿನ ಜೊತೆಗೆ ಬರುವುದರಿಂದ ಆ ತಪಾಸಣೆಗಳನ್ನೂ ಮಾಡುತ್ತಾರೆ. ಆ ಮಾತು ಕೇಳಿ ಮನೆಯವರೆಲ್ಲ ಕಂಗಾಲಾದೆವು, ಆದರೆ ತಪಾಸಣೆಯನ್ನು ತಪ್ಪಿಸಲಿಲ್ಲ. ಅಕ್ಕನಿಗೆ ಕ್ಯಾನ್ಸರ್ ಇರಲಿಲ್ಲ.

ಚಿಕಿತ್ಸೆ ಹೆಚ್ಚಿನ ಪ್ರಮಾಣದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ನಿಂದ ಆರಂಭವಾಯಿತು. ಅದನ್ನು ಮುಂದೆ ಕಡಿಮೆ ಮಾಡಲು ಅನುಕೂಲವಾಗಲೆಂದು, ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಮೆಥೊಟ್ರೆಕ್ಸೇಟನ್ನೂ ಸೇರಿಸಿದರು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವ ಔಷಧಿ. ಅದನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯವಾದ್ದರಿಂದ, ಭಾವ ಅದನ್ನು ನುಂಗುವ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿದ್ದಾರೆ. ಮುಖ ಊದಿತು, ಸಕ್ಕರೆ ಏರಿತು ಎಂದು ಸ್ಟೀರಾಯ್ಡನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಅದಕ್ಕೆ ಒಗ್ಗಿಕೊಂಡ ದೇಹ ತನ್ನದೇ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಸಾಕಷ್ಟು ತಯಾರಿಸಲಾಗದೆ ಕುಸಿದುಬೀಳಬಹುದು. ಅಕ್ಕ ಈಗ ಫಿಸಿಯೋಥೆರಪಿ ಮಾಡುತ್ತಿದ್ದಾಳೆ, ಹಿಡಿದುಕೊಳ್ಳದೆ ಮೆಟ್ಟಿಲು ಹತ್ತುತ್ತಾಳೆ. ಆದರೂ ತಡವಾಗಿದ್ದರಿಂದ ತೊಡೆಯ ಬಲ ಪೂರ್ತಿ ಮರಳಿಲ್ಲ.

ಇಂತಹ ಲಕ್ಷಣಗಳಿದ್ದರೆ ರುಮಟಾಲಜಿ ಅಥವಾ ನ್ಯೂರಾಲಜಿ ತಜ್ಞರ ಬಳಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯು ಬಯಾಪ್ಸಿಯನ್ನು ಪರಿಶೀಲಿಸುವ ನುರಿತ ವಿಭಾಗವಿದೆ. ಹೋಗುವಾಗ ಹಳೆಯ ವರದಿಗಳ ಜೊತೆಗೆ ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನೂ, ಕಲೆಗಳು ಮಾಸುವ ಮುನ್ನ ಹಗಲು ಬೆಳಕಿನಲ್ಲಿ ತೆಗೆದ ಫೋಟೋಗಳನ್ನೂ ಒಯ್ಯಿರಿ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಅಥವಾ ಉಸಿರು ಸಾಲದೆ ಹೋದರೆ ಅಪಾಯಿಂಟ್‌ಮೆಂಟಿಗಾಗಿ ಕಾಯದೆ ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ.